ಟೈಮ್ ಕೊಟ್ಟಿಲ್ಲ, ಬ್ರೇಕಿನ ಲೆಕ್ಕ ಮಾಡೋದು ಹೇಗೆ?

ಮೊನ್ನೆ ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಒಂಬತ್ತನೇ ಕ್ಲಾಸು, ಮರುದಿನ ಟೆಸ್ಟು. "ಮಾವ, ಈ ಲೆಕ್ಕದಲ್ಲಿ ಟೈಮೇ ಕೊಟ್ಟಿಲ್ಲ. ಪ್ರಿಂಟ್ ಮಿಸ್ಟೇಕ್ ಅಲ್ವಾ?" ಅಂದಳು. ಓದು ನೋಡೋಣ ಅಂದೆ. ಲೆಕ್ಕ ಹೀಗಿತ್ತು: ಒಂದು ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಡ್ರೈವರ್ ಬ್ರೇಕ್ ಒತ್ತುತ್ತಾನೆ. ವೇಗ ಪ್ರತಿ ಸೆಕೆಂಡಿಗೆ 5 ಮೀಟರ್/ಸೆಕೆಂಡಿನಂತೆ ಇಳಿಯುತ್ತದೆ. ನಿಲ್ಲುವಷ್ಟರಲ್ಲಿ ಕಾರು ಎಷ್ಟು ದೂರ ಹೋಗಿರುತ್ತದೆ?

ಪ್ರಿಂಟ್ ಮಿಸ್ಟೇಕ್ ಏನಲ್ಲ. ಆದರೆ ಅವಳ ಅನುಮಾನ ನ್ಯಾಯವಾದದ್ದೇ. ವೇಗ ಅಂದರೆ ದೂರ ಭಾಗಿಸು ಸಮಯ ಅಂತ ಐದನೇ ಕ್ಲಾಸಿಂದ ಹೇಳಿಕೊಟ್ಟಿದ್ದೇವೆ. ಈಗ ಸಮಯವನ್ನೇ ಕೊಡದೆ ದೂರ ಕೇಳಿದರೆ ಮಕ್ಕಳು ಏನು ಮಾಡಬೇಕು?

ವೇಗ ಇಳಿಯುವುದು ಅಂದರೆ

ಮೊದಲು 72 ಕಿ.ಮೀ.ಯನ್ನು ಮೀಟರ್‌ಗೆ ತರೋಣ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಇದೊಂದು ನೆನಪಿದ್ದರೆ ಉಳಿದದ್ದು ಮಗ್ಗಿ: 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25. ನಮ್ಮ ಕಾರು ಸೆಕೆಂಡಿಗೆ 20 ಮೀಟರ್ ಓಡುತ್ತಿದೆ.

ಈಗ ಬ್ರೇಕ್. ಸಂಬಳದಲ್ಲಿ ಪ್ರತಿ ತಿಂಗಳು ಇಎಂಐ ಹೇಗೆ ಒಂದೇ ಮೊತ್ತ ಕಟ್ ಆಗುತ್ತದೋ, ಹಾಗೆ ಇಲ್ಲಿ ಪ್ರತಿ ಸೆಕೆಂಡು ವೇಗದಲ್ಲಿ 5 ಕಟ್. 20 ಇದ್ದದ್ದು 15, ಆಮೇಲೆ 10, 5, ಕೊನೆಗೆ ಸೊನ್ನೆ. ಹೀಗೆ ಒಂದೇ ಸಮನೆ ವೇಗ ಇಳಿಯುವುದನ್ನು ಪುಸ್ತಕದಲ್ಲಿ ಏಕರೂಪದ ಋಣ ವೇಗೋತ್ಕರ್ಷ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಇಲ್ಲಿ ಅದನ್ನು 'ಇಳಿಕೆಯ ದರ' ಅನ್ನೋಣ.

ಟೈಮನ್ನು ನಾವೇ ಹುಡುಕಿದರೆ

ಸೂತ್ರ ಪಕ್ಕಕ್ಕಿಡಿ. ಸುಮ್ನೆ ಸೆಕೆಂಡ್ ಸೆಕೆಂಡಿಗೆ ನೋಡೋಣ. ಮೊದಲ ಸೆಕೆಂಡಿನಲ್ಲಿ ವೇಗ 20ರಿಂದ 15ಕ್ಕೆ ಬಂತು. ಸರಾಸರಿ 17.5, ಆದ್ದರಿಂದ ಓಡಿದ್ದು 17.5 ಮೀಟರ್. ಎರಡನೇ ಸೆಕೆಂಡಿನಲ್ಲಿ 12.5, ಮೂರನೆಯದರಲ್ಲಿ 7.5, ಕೊನೆಯದರಲ್ಲಿ 2.5. ಎಲ್ಲ ಕೂಡಿಸಿದರೆ 40 ಮೀಟರ್. ಉತ್ತರ ಬಂತು.

ಈ ನಾಲ್ಕು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಒಂದೊಂದನ್ನೂ 2.5ರಿಂದ ಭಾಗಿಸಿದರೆ 7, 5, 3, 1. ಎತ್ತರದಿಂದ ಬೀಳುವ ವಸ್ತು ಸಮಾನ ಅವಧಿಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರ ಸಾಗುತ್ತದೆ ಅಂತ ಗೆಲಿಲಿಯೋ 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ತೋರಿಸಿದ್ದ. ಬ್ರೇಕ್ ಹಾಕಿದ ಕಾರು ಅದನ್ನೇ ಹಿಂದುಮುಂದಾಗಿ ಮಾಡುತ್ತಿದೆ, ಅಷ್ಟೇ.

ಕೂಡಿಸುವ ಬದಲು ಇನ್ನೊಂದು ದಾರಿಯೂ ಇದೆ. ಒಟ್ಟು ವೇಗ 20, ಸೆಕೆಂಡಿಗೆ 5 ಇಳಿಕೆ, ಅಂದರೆ ನಿಲ್ಲಲು 4 ಸೆಕೆಂಡ್. ಇಳಿಕೆ ಒಂದೇ ಸಮ ಇರುವುದರಿಂದ ಸರಾಸರಿ ವೇಗ 20 ಮತ್ತು 0ಯ ನಡುವಿನದು, 10. ಹತ್ತು ನಾಲ್ಕಲಿ ನಲವತ್ತು.

ಅಂದರೆ ಟೈಮ್ ಕೊಟ್ಟಿಲ್ಲ ನಿಜ, ಆದರೆ ಕೊಟ್ಟ ಮಾಹಿತಿಯೊಳಗೇ ಅದು ಕೂತಿತ್ತು. ಎಷ್ಟಿತ್ತು, ಯಾವ ದರದಲ್ಲಿ ಕಟ್ ಆಗುತ್ತಿದೆ ಅಂತ ಗೊತ್ತಾದಮೇಲೆ ಎಷ್ಟು ಕಂತಿಗೆ ಮುಗಿಯುತ್ತದೆ ಅಂತ ಬೇರೆ ಹೇಳಬೇಕೇ?

ಟೈಮ್ ಎಲ್ಲಿ ಕಳಚಿಕೊಳ್ಳುತ್ತದೆ

ಮೇಲಿನ ಎರಡು ಹೆಜ್ಜೆಗಳನ್ನು ಒಟ್ಟಿಗೆ ಹೆಣೆದರೆ ಸೂತ್ರ ತಾನಾಗೇ ಬರುತ್ತದೆ. ದೂರ ಅಂದರೆ ಸರಾಸರಿ ವೇಗ ಗುಣಿಸು ಸಮಯ. ಸರಾಸರಿ ಎಷ್ಟು? ಮೊದಲ ವೇಗ ಮತ್ತು ಕೊನೆಯ ವೇಗ ಕೂಡಿಸಿ ಅರ್ಧ. ಸಮಯ ಎಷ್ಟು? ಮೊದಲ ವೇಗದಲ್ಲಿ ಕೊನೆಯ ವೇಗ ಕಳೆದು, ಇಳಿಕೆಯ ದರದಿಂದ ಭಾಗಿಸಿ. ಇವೆರಡನ್ನೂ ಗುಣಿಸಿ. ಒಂದು ಕಡೆ ವೇಗಗಳ ಮೊತ್ತ, ಇನ್ನೊಂದು ಕಡೆ ವೇಗಗಳ ವ್ಯತ್ಯಾಸ. (ಎ + ಬಿ)(ಎ − ಬಿ) ಅಂದರೆ ಎ² − ಬಿ² ಅಂತ ಬೀಜಗಣಿತದಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊನೆಗೆ ಉಳಿಯುವುದು ಇಷ್ಟು:

ಮೊದಲ ವೇಗದ ವರ್ಗ − ಕೊನೆಯ ವೇಗದ ವರ್ಗ = 2 × ಇಳಿಕೆಯ ದರ × ದೂರ

ಕ್ಲಾಸಿನಲ್ಲಿ ರಾಗವಾಗಿ ಹೇಳುತ್ತಿದ್ದ "ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟು ಎ ಎಸ್" ಇದೇ. ಯು ಮೊದಲ ವೇಗ, ವಿ ಕೊನೆಯ ವೇಗ, ಎ ವೇಗ ಬದಲಾಗುವ ದರ, ಎಸ್ ದೂರ. ಅಲ್ಲಿ ಪ್ಲಸ್ ಇದೆ, ಯಾಕೆಂದರೆ ಬ್ರೇಕ್ ಹಾಕಿದಾಗ 'ಎ' ತಾನೇ ಮೈನಸ್ ಆಗಿ ಬರುತ್ತದೆ. ನಾನಿಲ್ಲಿ ಮೈನಸ್ಸನ್ನು ಹೊರಗೆ ತೆಗೆದು ಬರೆದಿದ್ದೇನೆ.

ನಮ್ಮ ಕಾರಿಗೆ ಹಾಕಿ ನೋಡಿ. 20ರ ವರ್ಗ 400. ಕೊನೆಯ ವೇಗ ಸೊನ್ನೆ. 400 ಭಾಗಿಸು 10, ಉತ್ತರ 40. ಒಂದೇ ಸಾಲು.

ಹಂಪ್‌ಗೂ ಇದೇ ಲೆಕ್ಕ. ಗಂಟೆಗೆ 54 ಕಿ.ಮೀ.ನಲ್ಲಿ ಬರುತ್ತಿದ್ದೀರಿ, ಹಂಪ್ ಮೇಲೆ 18ರಲ್ಲಿ ದಾಟಬೇಕು, ಇಳಿಕೆಯ ದರ 4. ವರ್ಗಗಳು 225 ಮತ್ತು 25, ವ್ಯತ್ಯಾಸ 200, ಅದನ್ನು 8ರಿಂದ ಭಾಗಿಸಿದರೆ 25 ಮೀಟರ್. ಬಣ್ಣ ಅಳಿಸಿಹೋಗಿ ಹಂಪ್ 10 ಮೀಟರ್ ಹತ್ತಿರ ಬಂದಾಗ ಕಂಡರೆ ಏನಾಗುತ್ತದೆ ಅಂತ ನಮ್ಮೂರಿನ ಬೈಕ್ ಸವಾರರನ್ನು ಕೇಳಿ.

ವರ್ಗ ಯಾಕೆ ಬಂತು: ಸೈಟಿನ ಲೆಕ್ಕ

30-40 ಸೈಟು 1200 ಚದರ ಅಡಿ. ಅಗಲವನ್ನೂ ಉದ್ದವನ್ನೂ ಎರಡರಷ್ಟು ಮಾಡಿ, 60-80 ಆಯಿತು. ವಿಸ್ತೀರ್ಣ 2400 ಅಲ್ಲ, 4800. ನಾಲ್ಕು ಪಟ್ಟು.

ಬ್ರೇಕಿನಲ್ಲೂ ಇದೇ ನಡೆಯುತ್ತದೆ. ಗ್ರಾಫ್ ಹಾಳೆಯಲ್ಲಿ ಮೇಲ್ಮುಖವಾಗಿ ವೇಗ, ಅಡ್ಡಕ್ಕೆ ಸಮಯ ಇಟ್ಟು ಗೆರೆ ಎಳೆಯಿರಿ. 20ರಿಂದ ಶುರುವಾದ ಗೆರೆ ನೇರವಾಗಿ ಇಳಿದು 4ನೇ ಸೆಕೆಂಡಿಗೆ ನೆಲ ಮುಟ್ಟುತ್ತದೆ. ಕೆಳಗೆ ಒಂದು ತ್ರಿಕೋನ. ಅದರ ವಿಸ್ತೀರ್ಣವೇ ದೂರ: ಎತ್ತರ 20, ತಳ 4, ಗುಣಿಸಿ ಅರ್ಧ ಮಾಡಿದರೆ 40. ಈಗ ವೇಗ 40 ಮಾಡಿ. ತ್ರಿಕೋನದ ಎತ್ತರ ಎರಡರಷ್ಟು. ಅದರ ಜೊತೆಗೆ ನಿಲ್ಲಲು ಬೇಕಾದ ಸಮಯವೂ ಎರಡರಷ್ಟು, 8 ಸೆಕೆಂಡ್. ದೂರ 160 ಮೀಟರ್. ವೇಗ ಜಾಸ್ತಿಯಾದರೆ ಪ್ರತಿ ಸೆಕೆಂಡೂ ಜಾಸ್ತಿ ದೂರ ಹೋಗುತ್ತೀರಿ, ಜೊತೆಗೆ ಜಾಸ್ತಿ ಸೆಕೆಂಡು ಹೋಗುತ್ತೀರಿ. ಎರಡು ಕಡೆಯಿಂದ ಹೊಡೆತ.

ಇದನ್ನು ಸಮಯ ಅಳೆಯದೇ ಕಣ್ಣಾರೆ ತೋರಿಸಿದವನು ಹಾಲೆಂಡಿನ ಲೈಡನ್ ನಗರದ ಪ್ರೊಫೆಸರ್ ವಿಲ್ಲೆಮ್ ಗ್ರಾವೆಸಾಂಡೆ. 1720ರ ದಶಕದಲ್ಲಿ ಆತ ಹಿತ್ತಾಳೆಯ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬಿಟ್ಟು ನೋಡಿದ. ವೇಗ ಎರಡು ಪಟ್ಟಾದರೆ ಮಣ್ಣಿನಲ್ಲಿ ಬೀಳುವ ತಗ್ಗು ನಾಲ್ಕು ಪಟ್ಟು ದೊಡ್ಡದಾಗಿತ್ತು. ಚಲಿಸುವ ವಸ್ತುವಿನ ಬಲವನ್ನು ವೇಗದಿಂದ ಅಳೆಯಬೇಕೋ ವೇಗದ ವರ್ಗದಿಂದಲೋ ಅಂತ ಆಗ ಯುರೋಪಿನಲ್ಲಿ ದೊಡ್ಡ ಜಗಳವೇ ನಡೆಯುತ್ತಿತ್ತು. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವರ್ಗದ ಪರವಾಗಿ ನಿಂತಳು. ಮಣ್ಣಿನ ತಗ್ಗಿಗೂ ನಮ್ಮ ಬ್ರೇಕಿಗೂ ನಂಟು ಇಷ್ಟೇ: ಗುಂಡು ಎಷ್ಟು ಹೊತ್ತಿನಲ್ಲಿ ನಿಂತಿತು ಅಂತ ತಗ್ಗು ಹೇಳುವುದಿಲ್ಲ. ಎಷ್ಟು ಜೋರಾಗಿ ಬಂದಿತ್ತು ಅಂತ ಹೇಳುತ್ತದೆ.

ನೂರಕ್ಕೂ ನೂರಿಪ್ಪತ್ತಕ್ಕೂ ಏನು ಮಹಾ ವ್ಯತ್ಯಾಸ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. "120 ಹೋದರೆ ಏನಾಗುತ್ತೆ, ಬರೀ 20 ತಾನೇ ಜಾಸ್ತಿ" ಅನ್ನೋ ಮಾತು ನೀವೂ ಕೇಳಿರುತ್ತೀರಿ. ಈ ಸೂತ್ರಕ್ಕೆ ಆ ಮಾತನ್ನೇ ಹಾಕಿ ನೋಡೋಣ.

ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ, ಒಂದು 100ರಲ್ಲಿ, ಇನ್ನೊಂದು 120ರಲ್ಲಿ. ಮುಂದೆ ಒಂದು ಲಾರಿ ಅಡ್ಡ ನಿಂತಿದೆ. ಇಬ್ಬರೂ ಒಂದೇ ಜಾಗದಲ್ಲಿ ಬ್ರೇಕ್ ಒತ್ತುತ್ತಾರೆ, ಎರಡೂ ಕಾರಿನ ಬ್ರೇಕ್ ಒಂದೇ ತರ. 100ರ ಕಾರು ಲಾರಿಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತದೆ. ಆ ಜಾಗಕ್ಕೆ ಬಂದಾಗ 120ರ ಕಾರಿನ ವೇಗ ಎಷ್ಟಿರುತ್ತದೆ?

ಎಲ್ಲರ ಬಾಯಲ್ಲೂ ಮೊದಲು ಬರುವ ಉತ್ತರ 20. ಸರಿಯಾದ ಲೆಕ್ಕ ಬೇರೆ. ಒಂದೇ ದೂರ, ಒಂದೇ ದರ, ಆದ್ದರಿಂದ ಎರಡೂ ಕಾರು ಕಳೆದುಕೊಳ್ಳುವ 'ವರ್ಗ' ಒಂದೇ. 100ರ ಕಾರು ಕಳೆದುಕೊಂಡದ್ದು 10,000. 120ರ ವರ್ಗ 14,400. ಉಳಿದದ್ದು 4,400. ಅದರ ವರ್ಗಮೂಲ ಸುಮಾರು 66. ಪಕ್ಕದ ಕಾರು ನಿಂತ ಜಾಗದಲ್ಲಿ ಈ ಕಾರು ಗಂಟೆಗೆ 66 ಕಿ.ಮೀ. ವೇಗದಲ್ಲಿ ಲಾರಿಗೆ ನುಗ್ಗುತ್ತದೆ. ಊರೊಳಗೂ ಕಥೆ ಇದೇ. 50ರ ಬೈಕ್ ನಿಂತ ಜಾಗದಲ್ಲಿ 70ರ ಬೈಕ್ ಇನ್ನೂ 49ರಲ್ಲಿ ಇರುತ್ತದೆ.

ಇಲ್ಲಿ ಕಿ.ಮೀ.ಯನ್ನು ಮೀಟರ್ ಮಾಡಲಿಲ್ಲ ಅನ್ನೋದನ್ನು ಗಮನಿಸಿದಿರಾ? ವೇಗಕ್ಕೆ ವೇಗವನ್ನೇ ಹೋಲಿಸುವಾಗ ಅದರ ಅಗತ್ಯ ಇಲ್ಲ.

ಇದಕ್ಕೆ ಸೇರಿಸಬೇಕಾದ್ದು ಇನ್ನೊಂದಿದೆ. ಲಾರಿ ಕಂಡು ಕಾಲು ಬ್ರೇಕಿಗೆ ಹೋಗುವವರೆಗಿನ ಹೊತ್ತು. ಆಗ ಕಾರು ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಒಂದು ಸೆಕೆಂಡ್ ಅಂದುಕೊಂಡರೂ 100ರಲ್ಲಿ ಸುಮಾರು 28 ಮೀಟರ್, 120ರಲ್ಲಿ 33. ಈ ಭಾಗದ ಲೆಕ್ಕಕ್ಕೆ ಮಾತ್ರ ಟೈಮ್ ಬೇಕೇ ಬೇಕು. ಪರೀಕ್ಷೆಯಲ್ಲಿ 'ಪ್ರತಿಕ್ರಿಯೆಯ ಸಮಯ' ಅಂತ ಕೊಟ್ಟಿದ್ದರೆ ಅದು ಇದಕ್ಕೇ. ಅದನ್ನು ಬ್ರೇಕಿನ ಸೂತ್ರದೊಳಗೆ ತುರುಕಬೇಡಿ. ಬೇರೆ ಲೆಕ್ಕ ಮಾಡಿ ಕೊನೆಯಲ್ಲಿ ಕೂಡಿಸಿ.

ಅರ್ಧ ದಾರಿಯಲ್ಲಿ ಅರ್ಧ ವೇಗ ಅಲ್ಲ

"ಬ್ರೇಕ್ ಮೊದಲು ಹಿಡೀಲಿಲ್ಲ, ಕೊನೇಲಿ ಹಿಡೀತು" ಅಂತ ಡ್ರೈವರ್‌ಗಳು ಹೇಳುತ್ತಾರೆ. ಬ್ರೇಕ್ ಒಂದೇ ತರ ಹಿಡಿದಿದ್ದರೂ ಹಾಗೆ ಅನ್ನಿಸುತ್ತದೆ. 100ರಿಂದ ನಿಲ್ಲಲು 56 ಮೀಟರ್ ಬೇಕು ಅಂದುಕೊಳ್ಳಿ. ಮೊದಲ 28 ಮೀಟರ್‌ನಲ್ಲಿ ಅರ್ಧ 'ವರ್ಗ' ಹೋಗುತ್ತದೆ: 10,000 ಇದ್ದದ್ದು 5,000. ವರ್ಗಮೂಲ ತೆಗೆದರೆ ವೇಗ ಇನ್ನೂ 71. ಮೊದಲರ್ಧ ರಸ್ತೆಯಲ್ಲಿ ಇಳಿದದ್ದು 29 ಮಾತ್ರ. ಉಳಿದ 71 ಕೂಡ ಅಷ್ಟೇ ಉದ್ದದ ಇನ್ನೊಂದು ಅರ್ಧದಲ್ಲಿ ಹೋಗಬೇಕು. ವೇಗ ಸರಿಯಾಗಿ ಅರ್ಧ ಆಗುವುದು ಅರ್ಧ ಸಮಯಕ್ಕೆ. ಅಷ್ಟರಲ್ಲಿ ರಸ್ತೆಯ ಮುಕ್ಕಾಲು ಭಾಗ ಮುಗಿದಿರುತ್ತದೆ.

ರಸ್ತೆ ಮೇಲಿನ ಕಪ್ಪು ಗೆರೆ

ಅಪಘಾತದ ಜಾಗದಲ್ಲಿ ಟೇಪು ಹಿಡಿದು ಟೈರಿನ ಗುರುತು ಅಳೆಯುವುದನ್ನು ನೋಡಿರಬಹುದು. ಚಕ್ರ ಲಾಕ್ ಆಗಿ ಟೈರು ಉಜ್ಜಿಕೊಂಡು ಹೋದಾಗ ಡಾಂಬರಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಸ್ಟಾಪ್‌ವಾಚ್ ಹಿಡಿದು ಅಲ್ಲಿ ಯಾರೂ ನಿಂತಿರಲಿಲ್ಲ. ಉಳಿದಿರುವುದು ಉದ್ದ ಒಂದೇ. ಟೈಮ್ ಇಲ್ಲದ ಸೂತ್ರಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದು ಸಿಗಲಿಕ್ಕಿಲ್ಲ.

ಗೆರೆಯ ಉದ್ದ 25 ಮೀಟರ್ ಅಂದುಕೊಳ್ಳಿ. ಒಣ ಡಾಂಬರು ರಸ್ತೆಯಲ್ಲಿ ಉಜ್ಜಿಕೊಂಡು ಹೋಗುವ ಟೈರಿಗೆ ಇಳಿಕೆಯ ದರ 7ರ ಆಸುಪಾಸು. 2 × 7 × 25 = 350. ವರ್ಗಮೂಲ 18.7, ಅಂದರೆ ಗಂಟೆಗೆ ಸುಮಾರು 67 ಕಿ.ಮೀ. "ನಾನು ನಲವತ್ತರಲ್ಲಿ ಬರ್ತಿದ್ದೆ ಸಾರ್" ಅನ್ನೋ ಮಾತಿಗೆ ಗೆರೆ ಒಪ್ಪುವುದಿಲ್ಲ. ಅದೂ 67 ಕನಿಷ್ಠ ಲೆಕ್ಕ. ಗೆರೆ ಮುಗಿದಲ್ಲಿ ಗಾಡಿ ನಿಲ್ಲದೆ ಏನಕ್ಕಾದರೂ ಗುದ್ದಿದ್ದರೆ ಕೊನೆಯ ವೇಗ ಸೊನ್ನೆ ಆಗಿರುವುದಿಲ್ಲ, ಹಾಗಾಗಿ ಮೊದಲ ವೇಗ ಇನ್ನೂ ಜಾಸ್ತಿ.

ಎಬಿಎಸ್ ಇರುವ ಗಾಡಿಗಳು ಚಕ್ರ ಲಾಕ್ ಆಗಲು ಬಿಡುವುದಿಲ್ಲ, ಗೆರೆ ಮಂಕಾಗಿರುತ್ತದೆ ಅಥವಾ ಕಾಣುವುದೇ ಇಲ್ಲ. ಸೂತ್ರ ಹಳೇದಾಗಿಲ್ಲ, ಅಳೆಯುವ ಗೆರೆ ಸಿಗುವುದು ಕಷ್ಟವಾಗಿದೆ.

ರನ್‌ವೇಗೆ ಗಡಿಯಾರ ಇಲ್ಲ, ತುದಿ ಇದೆ

ಕೆಲವು ಲೆಕ್ಕದಲ್ಲಿ ದೂರ ಕೊಟ್ಟು ಇಳಿಕೆಯ ದರ ಕೇಳುತ್ತಾರೆ. ಮಂಗಳೂರಿನ ವಿಮಾನ ನಿಲ್ದಾಣ ಬೆಟ್ಟದ ತಲೆ ಸವರಿ ಮಾಡಿದ್ದು. ದೊಡ್ಡ ರನ್‌ವೇ 2,450 ಮೀಟರ್, ಅದರಾಚೆ ಕಣಿವೆ. ಲೆಕ್ಕಕ್ಕೆ ಒಂದು ವಿಮಾನ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 252 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿತು ಅನ್ನೋಣ. 70ರ ವರ್ಗ 4,900. ಪೂರ್ತಿ ರನ್‌ವೇ ಸಿಕ್ಕರೆ, ಎರಡು ಪಟ್ಟು ದೂರವೂ 4,900. ಇಳಿಕೆಯ ದರ ಸರಿಯಾಗಿ 1. ಆರಾಮಾಗಿ ನಿಲ್ಲಬಹುದು.

2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು. ರನ್‌ವೇ ಶುರುವಿನಿಂದ ಸುಮಾರು 5,200 ಅಡಿ ಆದಮೇಲೆ ಅದು ನೆಲ ಮುಟ್ಟಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಮುಂದೆ ಉಳಿದದ್ದು ಸುಮಾರು 865 ಮೀಟರ್. ನಮ್ಮ ಲೆಕ್ಕದ ವಿಮಾನವನ್ನೇ (ಆ ದಿನದ ವಿಮಾನದ ನಿಜವಾದ ವೇಗವನ್ನಲ್ಲ) ಅಲ್ಲಿಟ್ಟರೆ ಬೇಕಾಗುವ ದರ ಸುಮಾರು 2.8. ಹೆಚ್ಚುಕಡಿಮೆ ಮೂರು ಪಟ್ಟು ಜೋರಾದ ಬ್ರೇಕು, ಅದೂ ನೆಲ ಮುಟ್ಟಿದ ಕ್ಷಣದಿಂದಲೇ. ಎಷ್ಟು ಸೆಕೆಂಡಿನಲ್ಲಿ ನಿಲ್ಲುತ್ತೇವೆ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ.

ಮಕ್ಕಳು ಎಡವೋದು ಎಲ್ಲಿ

ಜಾಸ್ತಿ ಜನ ತಪ್ಪುವುದು ವರ್ಗದಲ್ಲಿ. ಮೊದಲು ಒಂದೊಂದರ ವರ್ಗ ಮಾಡಿ ಆಮೇಲೆ ಕಳೆಯಬೇಕು. ಹಂಪ್ ಲೆಕ್ಕದಲ್ಲಿ 15ರಲ್ಲಿ 5 ಕಳೆದು 10ರ ವರ್ಗ ಮಾಡಿದರೆ 100 ಬರುತ್ತದೆ, ಸರಿಯಾದ ಉತ್ತರ 200. ಇನ್ನು "ನಿಂತಿತು" ಅನ್ನೋ ಪದವೇ ಕೊನೆಯ ವೇಗ ಸೊನ್ನೆ ಅಂತ ಹೇಳುತ್ತಿದೆ, ಸಂಖ್ಯೆಯಲ್ಲಿ ಕೊಟ್ಟಿಲ್ಲ ಅಂತ ಹುಡುಕುತ್ತಾ ಕೂರಬೇಡಿ.

ಯಾವ ಸೂತ್ರ ಹಾಕಬೇಕು ಅನ್ನೋ ಗೊಂದಲಕ್ಕೂ ಒಂದು ಉಪಾಯ ಇದೆ. ಮೊದಲ ವೇಗ, ಕೊನೆಯ ವೇಗ, ದರ, ದೂರ, ಸಮಯ, ಇರುವುದು ಐದು. ಪ್ರಶ್ನೆಯಲ್ಲಿ ಕೊಡದ, ಕೇಳದ ಒಂದು ಯಾವುದು ಅಂತ ನೋಡಿ. ಅದು ಸಮಯ ಆಗಿದ್ದರೆ ಈ ಸೂತ್ರ.

ಒಂದು ಷರತ್ತು ಮಾತ್ರ ಮರೆಯಬಾರದು. ಇಳಿಕೆಯ ದರ ಒಂದೇ ಸಮ ಇರಬೇಕು. ನಡುವೆ ಬದಲಾದರೆ ದಾರಿಯನ್ನು ತುಂಡು ಮಾಡಿ. 90 ಕಿ.ಮೀ.ನಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರಿನಲ್ಲಿ ಬರುತ್ತಿದ್ದೀರಿ. ಬ್ರೇಕ್ ಹಾಕಿದ ಮೊದಲ 20 ಮೀಟರ್ ಒಣ ರಸ್ತೆ, ದರ 7. ಮುಂದೆ ಮಳೆನೀರು, ದರ 3.5. ಮೊದಲ ತುಂಡಿನಲ್ಲಿ 625ರಿಂದ 280 ಹೋಗಿ 345 ಉಳಿಯಿತು. ಅದನ್ನು 7ರಿಂದ ಭಾಗಿಸಿದರೆ ಎರಡನೇ ತುಂಡು ಸುಮಾರು 49 ಮೀಟರ್. ಒಟ್ಟು 69. ಇಡೀ ರಸ್ತೆ ಒಣಗಿದ್ದರೆ 45ರಲ್ಲಿ ಮುಗಿಯುತ್ತಿತ್ತು. ನಡುವೆ ವರ್ಗಮೂಲ ತೆಗೆಯುವ ಕೆಲಸವೂ ಇಲ್ಲ ನೋಡಿ, ವರ್ಗವನ್ನು ಹಾಗೇ ಮುಂದಿನ ತುಂಡಿಗೆ ದಾಟಿಸಿದರೆ ಆಯಿತು.

ಏನೂ ಕೊಡದ ಒಂದು ಲೆಕ್ಕ

ಫೋನ್ ಇಡುವ ಮುಂಚೆ ಸೊಸೆಗೆ ಒಂದು ಲೆಕ್ಕ ಕೊಟ್ಟೆ. ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಹೊಡೆದೆ. ಯಾವ ಕಾಯಿಗೂ ತಾಗದೆ ಜಾರುತ್ತಿದೆ. 45 ಸೆಂ.ಮೀ. ಹೋದಮೇಲೆ ವೇಗ ಅರ್ಧಕ್ಕೆ ಬಂತು. ಇನ್ನೆಷ್ಟು ದೂರ ಹೋಗಿ ನಿಲ್ಲುತ್ತದೆ?

"ಟೈಮೂ ಇಲ್ಲ, ವೇಗಾನೂ ಇಲ್ಲ, ದರಾನೂ ಇಲ್ಲ!" ಅಂದಳು. ಆಮೇಲೆ "45 ಅಲ್ವಾ? ಅರ್ಧ ಹೋಯ್ತು, ಅರ್ಧ ಉಳೀತು" ಅಂದಳು. ವರ್ಗದಲ್ಲಿ ಯೋಚನೆ ಮಾಡು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಪೆನ್ಸಿಲ್ ಸದ್ದು. ಅರ್ಧದ ವರ್ಗ ಕಾಲು. ಅಂದರೆ ಮುಕ್ಕಾಲು ಭಾಗ 45 ಸೆಂ.ಮೀ.ನಲ್ಲಿ ಖರ್ಚಾಗಿದೆ, ಉಳಿದದ್ದು ಕಾಲು. "ಹದಿನೈದೇ ಹದಿನೈದು!" ಅಂತ ಕೂಗಿದಳು.

ಎರಡು ನಿಮಿಷ ಬಿಟ್ಟು ಮತ್ತೆ ಫೋನ್. "ಮಾವ, ಬೋರ್ಡಿಗೆ ಪೌಡರ್ ಹಾಕಿದ್ರೆ?" ದರ ಕಡಿಮೆಯಾಗುತ್ತದೆ, ಎರಡೂ ದೂರ ಉದ್ದವಾಗುತ್ತದೆ, ಆದರೆ ಮೂರಕ್ಕೆ ಒಂದು ಅನ್ನೋ ಪ್ರಮಾಣ ಹಾಗೇ ಇರುತ್ತದೆ ಅಂದೆ. ಸ್ಟ್ರೈಕರ್ ಆಚೆ ಕಡೆ ಕಟ್ಟಿಗೆ ಬಡಿಯದಿದ್ದರೆ.